ಅನ್ನದ ನೀರು ಯಾವುದು?

(ಬಳ್ಳಾರಿ ಜಿಲ್ಲೆಯ ಕುರುಗೋಡಿನ ಮಹಿಳಾ ಸಂಘಗಳ ಸಭೆಯಲ್ಲಿ, ಆಹಾರದ ಮೂಲಕ ಮೈಗೆ ಸೇರುವ ಆರ್ಸೆನಿಕ್ ಬಗ್ಗೆ ಮಾತಾಡಬೇಕಾಗಿರುವ ಆಶಾ ಕಾರ್ಯಕರ್ತೆ ಒಬ್ಬರು. ಸಿರುಗುಪ್ಪ ಕಡೆಯ ಭತ್ತ ಬೆಳೆಯುವ ಮನೆತನದವರು. ಆರೋಗ್ಯ ಶಿಕ್ಷಣದ ಕೆಲಸದಲ್ಲಿದ್ದು ನಿವೃತ್ತರಾಗಿ ಬಳ್ಳಾರಿಯಲ್ಲಿ ನೆಲೆಸಿರುವ ಹಿರಿಯರು ಇನ್ನೊಬ್ಬರು. ಇವರಿಬ್ಬರ ಮಾತುಕತೆ ಇದು.)

ಕಾರ್ಯಕರ್ತೆ: ಸರ್, ಕುರುಗೋಡಿಗೆ ಹೋಗಿ ಏನು ಹೇಳಬೇಕು ಅನ್ನೋದೇ ಕಗ್ಗಂಟಾಗಿದೆ. ಅಕ್ಕಿಯಲ್ಲಿ ವಿಷ ಇದೆ ಅಂದರೆ ನಮ್ಮ ಕಡೆಯ ರೈತರು ಮುನಿಸಿಕೊಳ್ಳುತ್ತಾರೆ. ಇಲ್ಲ ಅಂದರೆ, ಮತ್ತೆ ಕೆಲಸ ಬಿಡಿಸಿ ನಮ್ಮನ್ನು ಯಾಕೆ ಕರೆಸಿದಿರಿ ಅಂತ ಹೆಂಗಸರು ಕೇಳುತ್ತಾರೆ.

ಹಿರಿಯರು: ಎರಡನ್ನೂ ಹೇಳಬೇಡಮ್ಮ. ಪರೀಕ್ಷೆ ಮಾಡಿಸದೆ ಸಿರುಗುಪ್ಪದ ಅಕ್ಕಿ ಕೆಟ್ಟದ್ದು ಅನ್ನುವ ಹಕ್ಕು ಯಾರಿಗೂ ಇಲ್ಲ. ಹೇಳಬೇಕಾದದ್ದು ಇಷ್ಟು. ಆರ್ಸೆನಿಕ್ ಮಣ್ಣು, ಕಲ್ಲುಗಳಲ್ಲಿ ಸಹಜವಾಗಿಯೇ ಇರುವ ಧಾತು. ಕೆಲವು ಕಡೆ ಅದು ಅಂತರ್ಜಲಕ್ಕೆ ಇಳಿಯುತ್ತದೆ, ಅಲ್ಲಿಂದ ಬೆಳೆಗೆ ಏರುತ್ತದೆ. ಕಾಳಿನ ಬೆಳೆಗಳಲ್ಲಿ ಭತ್ತ ಅದನ್ನು ಎಲ್ಲಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಒಗ್ಗಾಣಿ ಇಲ್ಲವೇ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಣ್ಣುವ ನಮ್ಮ ಸೀಮೆಯವರಿಗೆ ಇದು ತಿಳಿದಿರಬೇಕು. ತಿಳಿದಿರಬೇಕು ಅಂದರೆ ಹೆದರಬೇಕು ಅಂತಲ್ಲ.

ಕಾರ್ಯಕರ್ತೆ: ಜೋಳಕ್ಕಿಲ್ಲದ್ದು ಭತ್ತಕ್ಕೇ ಯಾಕೆ ಸರ್? ಎರಡೂ ಒಂದೇ ಮಣ್ಣಿನಲ್ಲಿ ಬೆಳೆಯುತ್ತವಲ್ಲ?

ಹಿರಿಯರು: ಮಣ್ಣು ಒಂದೇ, ನಿಲ್ಲಿಸುವ ನೀರು ಬೇರೆ. ಒಣ ಹೊಲದಲ್ಲಿ ಆರ್ಸೆನಿಕ್ ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಆಗ ಕಬ್ಬಿಣದ ಹಿಡಿತ ಸಡಿಲವಾಗಿ ಆರ್ಸೆನಿಕ್ ನೀರಿಗೆ ಬಿಡುತ್ತದೆ. ಇನ್ನೊಂದು ವಿಷಯ. ಭತ್ತಕ್ಕೆ ಕಾಂಡ ಗಟ್ಟಿಯಾಗಲು, ಹೊಟ್ಟು ಬಲಿಯಲು ಸಿಲಿಕಾ ಬಹಳ ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳುವ ದಾರಿಗಳು ಭತ್ತದ ಬೇರಿನಲ್ಲಿವೆ. ಕೆಸರಿನಲ್ಲಿ ಕರಗಿದ ಆರ್ಸೆನಿಕ್‌ನ ರೂಪ ಸಿಲಿಕಾವನ್ನೇ ಹೋಲುವುದರಿಂದ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಗೋಧಿಯಂಥ ಕಾಳಿಗೆ ಹೋಲಿಸಿದರೆ ಅಕ್ಕಿಯಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು ಇರುವುದುಂಟು.

ಕಾರ್ಯಕರ್ತೆ: ಆರ್ಸೆನಿಕ್ ಅಂದರೆ ಬಂಗಾಳದ ಕಡೆಯದು, ನಮಗೇನು ಸಂಬಂಧ ಅಂತ ನಮ್ಮ ಮೇಲಿನವರೇ ಒಬ್ಬರು ಹೇಳಿದರು.

ಹಿರಿಯರು: ಪಶ್ಚಿಮ ಬಂಗಾಳದಲ್ಲಿ 1980ರ ದಶಕದ ಆರಂಭದಲ್ಲಿ ಗೊತ್ತಾಯಿತು, ಅದು ನಿಜ. ಆದರೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಕಿರದಳ್ಳಿ ತಾಂಡಾ ಇದೆ. ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು. ಮಂಗಳೂರು ಅನ್ನುವ ಹೆಸರಿನ ಹಳೆಯ ಚಿನ್ನದ ಗಣಿಯ ಸೀಮೆ ಅದು, ಕರಾವಳಿಯ ಮಂಗಳೂರಲ್ಲ. ಚಿನ್ನ ಸಿಗುವ ಕಲ್ಲಿನಲ್ಲಿ ಆರ್ಸೆನಿಕ್ ಕೂಡಿಕೊಂಡಿರುವುದು ಸಾಮಾನ್ಯ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 59 ಕೊಳವೆಬಾವಿಗಳ ನೀರು ನೋಡಿದ್ದರು. ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಒಂದರಲ್ಲಂತೂ 303. ತಪಾಸಣೆಗೆ ಬಂದ 181 ಜನರಲ್ಲಿ ನೂರಕ್ಕೆ 58ಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರದೂ ಸಹಜ ಮಟ್ಟದಲ್ಲಿರಲಿಲ್ಲ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗೂ ಹೆಚ್ಚು ಸಿಕ್ಕಿತು. ನೀರೇ ಮುಖ್ಯ ದಾರಿ ಅಂತ ಅಧ್ಯಯನ ಮಾಡಿದವರ ಅಂದಾಜು; ಮನೆಯ ಸುತ್ತಲಿನ ಮಣ್ಣೂ ಕಾರಣವಾಗಿರಬಹುದು ಅಂದರು.

ಕಾರ್ಯಕರ್ತೆ: ಅಷ್ಟು ಜನಕ್ಕೆ ಆಗುವ ತನಕ ಯಾರಿಗೂ ಗೊತ್ತಾಗಲಿಲ್ಲವಾ ಸರ್?

ಹಿರಿಯರು: ಈ ಕಾಯಿಲೆಯ ಕಷ್ಟ ಇರುವುದೇ ಅಲ್ಲಿ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಮೈಮೇಲೆ ಗುರುತು ಕಾಣಲು ವರ್ಷಗಳೇ ಬೇಕು. ಮೊದಲು ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು, ಬಿಳಿ ಚುಕ್ಕೆಗಳು. ಆಮೇಲೆ ಅಂಗೈ, ಅಂಗಾಲು ಒರಟಾಗಿ ಸಣ್ಣ ಸಣ್ಣ ಗಂಟು ಏಳುತ್ತವೆ. ಕಳೆ ಕೀಳುವ, ಗುದ್ದಲಿ ಹಿಡಿಯುವ ಕೈಗಳು ಹೇಗಿದ್ದರೂ ಒರಟೇ. ಹಾಗಾಗಿ ಯಾರೂ ಗಮನಿಸುವುದಿಲ್ಲ. ನೀನು ಮನೆಮನೆಗೆ ಹೋಗುವವಳು, ಎರಡೂ ಅಂಗೈಗಳನ್ನು ಒಟ್ಟಿಗೆ ನೋಡು. ದುಡಿಮೆಯ ಒರಟುತನ ಹಿಡಿಕೆ ತಾಗುವ ಜಾಗದಲ್ಲಿರುತ್ತದೆ. ಇದು ಎರಡೂ ಅಂಗೈಗಳಲ್ಲಿ, ಅಂಗಾಲುಗಳಲ್ಲಿ ಹರಡಿಕೊಂಡಿರುತ್ತದೆ. ಅನುಮಾನ ಬಂದರೆ ನೀನೇ ತೀರ್ಮಾನ ಹೇಳದೆ ಚರ್ಮದ ಡಾಕ್ಟರ್ ಹತ್ತಿರ ಕಳಿಸು.

ಕಾರ್ಯಕರ್ತೆ: ಚರ್ಮದ ಮೇಲೆ ಚುಕ್ಕೆ ಅಂದರೆ ಸಾಕು ಸರ್, ಕುಷ್ಠ ಅಂತ ಊರು ತೀರ್ಮಾನ ಮಾಡಿಬಿಡುತ್ತದೆ. ಹೆಣ್ಣುಮಕ್ಕಳಾದರೆ ಮದುವೆ ಮಾತೇ ನಿಂತುಹೋಗುತ್ತದೆ.

ಹಿರಿಯರು: ಅದಕ್ಕೇ ಸಭೆಯಲ್ಲಿ ಇದನ್ನು ಒತ್ತಿ ಹೇಳು: ಇದು ಅಂಟುವ ಕಾಯಿಲೆ ಅಲ್ಲ. ಒಂದೇ ಮನೆಯಲ್ಲಿ ನಾಲ್ಕು ಜನಕ್ಕೆ ಕಾಣಿಸಿಕೊಂಡರೆ ಅವರೆಲ್ಲ ಒಂದೇ ಬೋರಿನ ನೀರು ಕುಡಿದಿದ್ದಾರೆ ಅಂತ ಅರ್ಥ, ಒಬ್ಬರಿಂದ ಒಬ್ಬರಿಗೆ ಹರಡಿದೆ ಅಂತಲ್ಲ. ಚರ್ಮ ಬರೀ ಮುನ್ಸೂಚನೆ. ಬಹಳ ಕಾಲದ ಸೇವನೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಚಿಲಿ ದೇಶದ ಅಂಟೋಫಗಾಸ್ಟಾ ಅನ್ನುವ ನಗರದ ಜನ 1958ರಿಂದ 1970ರವರೆಗೆ ವಿಪರೀತ ಆರ್ಸೆನಿಕ್ ಇದ್ದ ನೀರು ಕುಡಿದರು. ಆಮೇಲೆ ನೀರು ಶುದ್ಧೀಕರಣ ಶುರುವಾಯಿತು. ಆದರೂ ದಶಕಗಳ ತನಕ ಅಲ್ಲಿ ಕ್ಯಾನ್ಸರ್ ಸಾವು ಹೆಚ್ಚೇ ಇತ್ತು. ಆ ವರ್ಷಗಳಲ್ಲಿ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳೂ ದೊಡ್ಡವರಾದ ಮೇಲೆ ಅದರ ಫಲ ಉಂಡರು. ಗುರುತು ಕಂಡ ಮೇಲೆ ನೋಡಿಕೊಂಡರಾಯಿತು ಅನ್ನುವಂತಿಲ್ಲ.

ಕಾರ್ಯಕರ್ತೆ: ನೀರಿನ ಮಾತು ತಿಳಿಯಿತು. ಆದರೆ ನನಗೆ ಕೊಟ್ಟಿರೋದು ಆಹಾರದ ವಿಷಯ.

ಹಿರಿಯರು: ಎರಡನ್ನೂ ಬೇರೆ ಮಾಡಬೇಡ. ಒಂದು ಲೆಕ್ಕ ಹೇಳುತ್ತೇನೆ, ಬರೆದುಕೋ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಿಸಿಲಲ್ಲಿ ದುಡಿಯುವವರು ದಿನಕ್ಕೆ ಮೂರು ಲೀಟರ್ ಕುಡಿದರೆ 30 ಆಯಿತು. ಪಾಲಿಶ್ ಮಾಡಿದ ಅಕ್ಕಿಗೆ ಅಂತಾರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ 2014ರಲ್ಲಿ ಇಟ್ಟ ಮಿತಿ ಕಿಲೋಗೆ 0.2 ಮಿಲಿಗ್ರಾಂ, ಅಂದರೆ 200 ಮೈಕ್ರೋಗ್ರಾಂ. ಇದು ನಿರವಯವ, ಅಂದರೆ ಇಂಗಾಲದೊಂದಿಗೆ ಕೂಡಿರದ ಆರ್ಸೆನಿಕ್ ಲೆಕ್ಕ, ಹಾನಿ ಮಾಡುವುದು ಮುಖ್ಯವಾಗಿ ಅದೇ. ಮಿತಿಯ ಅಂಚಿನಲ್ಲಿರುವ ಅಕ್ಕಿಯನ್ನು ದಿನಕ್ಕೆ 400 ಗ್ರಾಂ ಉಂಡರೆ 80 ಮೈಕ್ರೋಗ್ರಾಂ. ಈಗ ಅನ್ನ ಮಾಡುವ ನೀರಿಗೆ ಬಾ. 400 ಗ್ರಾಂ ಅಕ್ಕಿ ಕುಕ್ಕರಿನಲ್ಲಿ ಒಂದು ಲೀಟರಿನಷ್ಟು ನೀರು ಕುಡಿಯುತ್ತದೆ. ಆ ನೀರಿನಲ್ಲಿ ಲೀಟರಿಗೆ 50 ಮೈಕ್ರೋಗ್ರಾಂ ಇದ್ದರೆ ಅಷ್ಟೂ ಅನ್ನದೊಳಗೆ ಸೇರಿತು. ಕುದಿಸಿದರೆ ಹೋಗುವ ವಸ್ತು ಅಲ್ಲ ಇದು. ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.

ಕಾರ್ಯಕರ್ತೆ: ಅಯ್ಯೋ, ಹಾಗಾದರೆ ನಮ್ಮ ಹಳ್ಳಿಗಳಲ್ಲಿ ದೊಡ್ಡ ತಪ್ಪು ನಡೆಯುತ್ತಿದೆ ಸರ್. ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕಿ ಒಂದು ಕ್ಯಾನ್ ನೀರು ತರುತ್ತಾರೆ. ಅದು ಕುಡಿಯಲಿಕ್ಕೆ ಮಾತ್ರ. ಲೋಟದಿಂದ ಲೋಟಕ್ಕೆ ಅಳೆದು ಖರ್ಚು ಮಾಡುತ್ತಾರೆ. ಅಕ್ಕಿ ತೊಳೆಯೋದು, ಅನ್ನಕ್ಕೆ ಇಡೋದು, ಬೇಳೆ ಬೇಯಿಸೋದು ಎಲ್ಲ ಬೋರಿನ ನೀರಲ್ಲೇ. ಒಗ್ಗಾಣಿಯ ಮಂಡಕ್ಕಿ ನೆನೆಸೋದೂ ಅದರಲ್ಲೇ.

ಹಿರಿಯರು: ನೋಡು, ನಿನ್ನ ಸಭೆಯ ಮೊದಲ ಮಾತು ಸಿಕ್ಕಿತು. ಕುಡಿಯುವ ನೀರು ಯಾವುದು ಅಂತ ನಾವು ಎಲ್ಲ ಕಡೆ ಕೇಳುತ್ತೇವೆ. ಅನ್ನದ ನೀರು ಯಾವುದು ಅಂತ ಕೇಳುವುದಿಲ್ಲ. ಬಳ್ಳಾರಿ ನಗರದಲ್ಲೂ ಇದೇ ಕಥೆ. ನಲ್ಲಿಯಲ್ಲಿ ಕಾಲುವೆ ನೀರು ಬಂದ ದಿನ ಅದು, ಬಾರದ ದಿನ ಬೋರು, ಇಲ್ಲವೇ ಟ್ಯಾಂಕರ್. ಟ್ಯಾಂಕರಿನವನು ಎಲ್ಲಿ ತುಂಬಿಸಿದ ಅಂತ ಯಾರೂ ಕೇಳುವುದಿಲ್ಲ. ಕ್ಯಾನಿನ ನೀರನ್ನೂ ಪರೀಕ್ಷೆ ಮಾಡಿಸಬೇಕು. ಆರ್‌ಒ ಯಂತ್ರ ಆರ್ಸೆನಿಕ್‌ನ ಒಂದು ರೂಪವನ್ನು ಚೆನ್ನಾಗಿ ತಡೆಯುತ್ತದೆ, ಇನ್ನೊಂದನ್ನು ಅಷ್ಟಾಗಿ ತಡೆಯುವುದಿಲ್ಲ. ಫಿಲ್ಟರ್ ಬದಲಾಯಿಸದ ಘಟಕದ್ದಂತೂ ಹೇಳುವಂತೆಯೇ ಇಲ್ಲ.

ಕಾರ್ಯಕರ್ತೆ: ನಮ್ಮ ಅಜ್ಜಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅಕ್ಕಿ ಹಾಕಿ, ಬೆಂದ ಮೇಲೆ ಗಂಜಿ ಬಸಿಯುತ್ತಿದ್ದರು. ಹಾಗೆ ಬಸಿದರೆ ಆರ್ಸೆನಿಕ್ ಹೋಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದೆ. ಎಲ್ಲರೂ ಬಸಿದ ಅನ್ನವನ್ನೇ ಮಾಡಿ ಅಂದರೆ ಆಯಿತಲ್ಲ ಸರ್?

ಹಿರಿಯರು: ಹೋಗುತ್ತದೆ, ನಿಜ. ಅಕ್ಕಿಯ ಆರು ಪಟ್ಟು ನೀರಿಟ್ಟು ಬಸಿದರೆ ನಿರವಯವ ಆರ್ಸೆನಿಕ್ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ ಅಂತ 2009ರ ಅಧ್ಯಯನ ತೋರಿಸಿದೆ. ಬರೀ ತೊಳೆದರೆ ಅಷ್ಟಾಗಿ ಹೋಗುವುದಿಲ್ಲ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಇನ್ನೊಂದು ಕ್ರಮ ಹೇಳಿದರು. ಕುದಿಯುವ ನೀರಿಗೆ ಅಕ್ಕಿ ಹಾಕಿ ಐದು ನಿಮಿಷ ಬಿಟ್ಟು ಆ ನೀರು ಚೆಲ್ಲಬೇಕು, ಬೇರೆ ನೀರು ಅಳೆದು ಹಾಕಿ ಸಣ್ಣ ಉರಿಯಲ್ಲಿ ಇಂಗಿಸಬೇಕು. ಬಿಳಿ ಅಕ್ಕಿಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಇಳಿಯಿತು. ಆದರೆ ಇವೆಲ್ಲ ಶುದ್ಧ ನೀರಿದ್ದರೆ ಮಾತ್ರ. ಕೆಟ್ಟ ಬೋರಿನ ನೀರು ಆರು ಪಟ್ಟು ಹಾಕಿದರೆ ಏನು ಉಪಯೋಗ? ಇನ್ನೊಂದು ಕೇಳುತ್ತೇನೆ. ಬಸಿದ ಗಂಜಿ ನಿಮ್ಮಲ್ಲಿ ಎಲ್ಲಿಗೆ ಹೋಗುತ್ತದೆ?

ಕಾರ್ಯಕರ್ತೆ: ಉಪ್ಪು ಹಾಕಿ ಮಕ್ಕಳಿಗೆ, ಬಾಣಂತಿಗೆ ಕೊಡುತ್ತಾರೆ. ಉಳಿದದ್ದು ಎಮ್ಮೆಯ ಬಾನಿಗೆ.

ಹಿರಿಯರು: ಅಂದರೆ ತೆಗೆದದ್ದನ್ನು ಮತ್ತೆ ಮಕ್ಕಳಿಗೇ ಕೊಟ್ಟ ಹಾಗಾಯಿತು. ಅದಕ್ಕಿಂತ ದೊಡ್ಡ ಮಾತು ಒಂದಿದೆ. ಗಂಜಿಯ ಜೊತೆ ಬಿ ಜೀವಸತ್ವಗಳೂ ಹೋಗುತ್ತವೆ. ಪಡಿತರ ಅಂಗಡಿಯಲ್ಲಿ ಸಾರವರ್ಧಿತ ಅಕ್ಕಿಯನ್ನೂ ಕೊಟ್ಟಿದ್ದಾರೆ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮಾಡಿದ ಕಾಳು ಅದರಲ್ಲಿರುತ್ತದೆ. ರಕ್ತಹೀನತೆ ಇರುವ ಬಸುರಿಯರ ಹೆಸರುಗಳು ನಿನ್ನ ಪುಸ್ತಕದಲ್ಲೇ ಇವೆ. ನೀರು, ಅಕ್ಕಿ ಎರಡೂ ಚೆನ್ನಾಗಿರುವ ಊರಿನಲ್ಲಿ, ಎಲ್ಲರೂ ಬಸಿದು ಚೆಲ್ಲಿ ಅಂತ ಹೇಳಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟು, ಇರುವ ರೋಗವನ್ನು ಬೆಳೆಸಿದಂತೆ. ಅಕ್ಕಿಯಲ್ಲಿ ಹೆಚ್ಚು ಇದೆ, ನೀರು ಶುದ್ಧವಾಗಿದೆ ಅಂತ ಪರೀಕ್ಷೆಯಿಂದ ಗೊತ್ತಾದ ಕಡೆ ಮಾತ್ರ ಬಸಿಯಲು ಹೇಳು.

ಕಾರ್ಯಕರ್ತೆ: ಸಾರವರ್ಧಿತ ಅಕ್ಕಿ ಅಂದಿರಲ್ಲ, ನಮ್ಮಲ್ಲಿ ಅದರದೇ ದೊಡ್ಡ ರಗಳೆ. ಆ ಕಾಳು ಸ್ವಲ್ಪ ಬೆಳ್ಳಗೆ, ಹಗುರ ಇರುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಪ್ಲಾಸ್ಟಿಕ್ ಅಕ್ಕಿ ಅಂತ ಯಾರೋ ವಾಟ್ಸಾಪಿನಲ್ಲಿ ಬಿಟ್ಟರು. ಹೆಂಗಸರು ಮೊರದಲ್ಲಿ ಹರಡಿಕೊಂಡು ಒಂದೊಂದೇ ಆರಿಸಿ ತೆಗೆದು ಕೋಳಿಗೆ ಹಾಕಿದರು. ಮಗುವಿಗೆ ರಕ್ತ ಆಗಲಿ ಅಂತ ಕೊಟ್ಟದ್ದು ಕೋಳಿಯ ಪಾಲಾಯಿತು. ನಾನು ಆ ಕಾಳನ್ನು ಬೇಯಿಸಿ, ಅಲ್ಲೇ ತಿಂದು ತೋರಿಸಿದ ಮೇಲೆ ಕೆಲವರು ನಿಲ್ಲಿಸಿದರು.

ಹಿರಿಯರು: ಇದನ್ನು ಸಭೆಗೆ ಹೋಗುವಾಗ ನೆನಪಿಟ್ಟುಕೋ. ಹೆದರಿದ ಮನೆ ಕೈಗೆ ಸಿಕ್ಕಿದ್ದನ್ನು ಬಿಸಾಕುತ್ತದೆ, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ನೋಡುವುದಿಲ್ಲ. ಆರ್ಸೆನಿಕ್ ವಿಷಯದಲ್ಲಿ ಬರೀ ಭಯ ಬಿತ್ತಿದರೆ ನಾಳೆ ಪಡಿತರದ ಅಕ್ಕಿಯನ್ನೇ ಬಿಟ್ಟು, ಸಾಲ ಮಾಡಿ ಅಂಗಡಿಯಿಂದ ಬೇರೆ ಅಕ್ಕಿ ತರುತ್ತಾರೆ. ಅದರಲ್ಲೂ ಅಷ್ಟೇ ಇರಬಹುದು.

ಕಾರ್ಯಕರ್ತೆ: ಪೇಟೆಯವರು ಪಾಲಿಶ್ ಮಾಡದ ಕಂದು ಅಕ್ಕಿಗೆ ಹೋಗುತ್ತಿದ್ದಾರೆ. ಅದು ಒಳ್ಳೆಯದಲ್ವಾ?

ಹಿರಿಯರು: ನಾರಿನ ದೃಷ್ಟಿಯಿಂದ ಒಳ್ಳೆಯದು. ಆರ್ಸೆನಿಕ್ ದೃಷ್ಟಿಯಿಂದ ಅದರಲ್ಲೇ ಹೆಚ್ಚು, ಯಾಕೆಂದರೆ ತೌಡಿನ ಪದರದಲ್ಲೇ ಅದು ಸೇರಿಕೊಳ್ಳುತ್ತದೆ. ಕೋಡೆಕ್ಸ್ ಬಿಳಿ ಅಕ್ಕಿಗೆ 0.2 ಇಟ್ಟರೆ ಕಂದು ಅಕ್ಕಿಗೆ 0.35 ಇಟ್ಟಿದೆ. ನಾರು ಬೇಕಾದವರಿಗೆ ನಮ್ಮಲ್ಲೇ ಜೋಳ ಇದೆಯಲ್ಲ. ಎಲ್ಲರಿಗೂ, ಯಾವ ಪರೀಕ್ಷೆಗೂ ಕಾಯದೆ ಹೇಳಬಹುದಾದ ಮಾತು ಇದು: ದಿನಕ್ಕೆ ಒಂದು ಊಟವಾದರೂ ಅಕ್ಕಿಯಲ್ಲದ್ದು ಇರಲಿ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ಮುದ್ದೆ, ನವಣೆ. 400 ಗ್ರಾಂ ಅಕ್ಕಿ ಉಣ್ಣುವವರು 200ಕ್ಕೆ ಇಳಿಸಿದರೆ ಅಕ್ಕಿಯಿಂದ ಬರುವುದು ನೇರವಾಗಿ ಅರ್ಧ ಆಯಿತು. ಬಸಿಯುವಂತೆ ಇದರಲ್ಲಿ ಜೀವಸತ್ವ ಕಳೆದುಕೊಳ್ಳುವ ಮಾತಿಲ್ಲ.

ಕಾರ್ಯಕರ್ತೆ: ರೊಟ್ಟಿ ಬಡಿಯೋದು ಯಾರು ಸರ್? ಬೆಳಗಾಗೋ ಮುಂಚೆ ನಾಟಿಗೆ, ಮೆಣಸಿನಕಾಯಿ ಬಿಡಿಸೋಕೆ ಹೋಗುವವರು ಕುಕ್ಕರ್ ಇಟ್ಟು ಓಡುತ್ತಾರೆ. ಅಕ್ಕಿ ಪಡಿತರದಲ್ಲಿ ಬರುತ್ತದೆ, ಜೋಳವನ್ನು ಹೆಚ್ಚಾಗಿ ಕೊಂಡೇ ತರಬೇಕು.

ಹಿರಿಯರು: ನೀನು ಹೇಳುವುದು ಸರಿ. ಹೊತ್ತಿಲ್ಲದವಳಿಗೆ, ಕಾಸಿಲ್ಲದವಳಿಗೆ ರೊಟ್ಟಿ ತಿನ್ನು ಅಂತ ಉಪದೇಶ ಮಾಡಿ ಬರುವುದು ಶಿಕ್ಷಣ ಅಲ್ಲ. ಪಡಿತರದಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಜೋಳ, ರಾಗಿ ತಪ್ಪದೆ ಸಿಗಲಿ ಅಂತ ಸಂಘದಿಂದಲೇ ಕೇಳಬೇಕು. ಬಿಸಿಯೂಟದಲ್ಲಿ ಕಿರಿಯ ಮಕ್ಕಳಿಗೆ ತಲಾ 100 ಗ್ರಾಂ, ಹಿರಿಯ ಮಕ್ಕಳಿಗೆ 150 ಗ್ರಾಂ ಧಾನ್ಯದ ಲೆಕ್ಕ ಇದೆ. ಅದಷ್ಟೂ ಅಕ್ಕಿಯೇ ಆಗಬೇಕಾಗಿಲ್ಲ. ಮಕ್ಕಳ ವಿಷಯ ಬಂದಾಗ ಕೂಸಿನ ತಾಯಂದಿರಿಗೆ ಬೇರೆಯಾಗಿ ಹೇಳು. ಮೈತೂಕಕ್ಕೆ ಹೋಲಿಸಿದರೆ ಕೂಸು ನಮಗಿಂತ ಹೆಚ್ಚು ಉಣ್ಣುತ್ತದೆ. ಅದಕ್ಕೇ ಯುರೋಪಿನಲ್ಲಿ ಕೂಸುಗಳ ಆಹಾರಕ್ಕೆ ಬಳಸುವ ಅಕ್ಕಿಗೆ ಕಿಲೋಗೆ 0.1 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಐದು ವರ್ಷದೊಳಗಿನವರಿಗೆ ಅಕ್ಕಿಯ ಪಾನೀಯ ಕೊಡಬೇಡಿ ಅನ್ನುತ್ತಾರೆ. ಆರು ತಿಂಗಳು ತುಂಬಿದ ಮೇಲೆ ಬರೀ ಅಕ್ಕಿಯ ಗಂಜಿಯಲ್ಲೇ ಸಾಕದೆ ರಾಗಿ ಸರಿ, ಹೆಸರುಬೇಳೆ, ಕಾಯಿಪಲ್ಲೆ ಕೊಡಲಿ.

ಕಾರ್ಯಕರ್ತೆ: ಸೊಪ್ಪು ತಿಂದರೆ ಆರ್ಸೆನಿಕ್ ಹೊರಗೆ ಹೋಗುತ್ತದೆ ಅಂತಲೂ ಕೇಳಿದ್ದೆ.

ಹಿರಿಯರು: ಅದಕ್ಕೆ ಸ್ವಲ್ಪ ಆಧಾರ ಇದೆ. ಸೊಪ್ಪಿನಲ್ಲಿ ಫೋಲೇಟ್ ಅನ್ನುವ ಜೀವಸತ್ವ ಇರುತ್ತದೆ. ಬಾಂಗ್ಲಾದೇಶದಲ್ಲಿ ಅದು ಕಡಿಮೆ ಇದ್ದವರಿಗೆ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟು ನೋಡಿದರು. ರಕ್ತದಲ್ಲಿನ ಆರ್ಸೆನಿಕ್ ಇಳಿಯಿತು ಅಂತ 2007ರಲ್ಲಿ ವರದಿಯಾಯಿತು. ಮೈ ಅದನ್ನು ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕಲು ಫೋಲೇಟ್ ನೆರವಾಗುತ್ತದೆ. ಸೊಪ್ಪು, ಬೇಳೆಕಾಳು, ನೀನು ಬಸುರಿಯರಿಗೆ ಹಂಚುವ ಮಾತ್ರೆ, ಇವಕ್ಕೆಲ್ಲ ಇನ್ನೊಂದು ಕಾರಣ ಸಿಕ್ಕಿತು ಅನ್ನು. ಕೆಟ್ಟ ನೀರು ಕುಡಿಯುತ್ತಾ ಸೊಪ್ಪು ತಿಂದರೆ ಸಾಕು ಅಂತ ಮಾತ್ರ ತಿಳಿಯಬಾರದು.

ಕಾರ್ಯಕರ್ತೆ: ನಮ್ಮ ಮನೆಯವರಿಗೆ ಏನು ಹೇಳಲಿ? ಗದ್ದೆ ಒಣಗಿಸಿ ನೀರು ಕಟ್ಟಿದರೆ ಕಡಿಮೆ ಆಗುತ್ತದೆ ಅನ್ನುತ್ತಾರೆ. ಆದರೆ ನಾವು ಕಾಲುವೆಯ ಕೊನೆ ಭಾಗದವರು. ನೀರು ಬಂದಾಗ ತುಂಬಿಸಿಕೊಳ್ಳದಿದ್ದರೆ ಮತ್ತೆ ಯಾವಾಗ ಬರುತ್ತದೋ ಹೇಳುವವರಿಲ್ಲ.

ಹಿರಿಯರು: ನಡುನಡುವೆ ಗದ್ದೆ ಆರಲು ಬಿಟ್ಟರೆ ಅಕ್ಕಿಗೆ ಸೇರುವ ಆರ್ಸೆನಿಕ್ ಕಡಿಮೆಯಾಗುವುದು ನಿಜ. ಆದರೆ ಇಂಥ ದಿನ ಇಷ್ಟು ನೀರು ಅನ್ನುವ ಖಾತ್ರಿ ಇಲ್ಲದ ರೈತನ ಮೇಲೆ ಆ ಹೊಣೆ ಹೊರಿಸಲಾಗದು. ಅದು ನೀರಾವರಿ ಇಲಾಖೆಯವರು, ಕೃಷಿ ವಿಜ್ಞಾನಿಗಳು ಸೇರಿ ಮಾಡಬೇಕಾದ ಕೆಲಸ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದನ್ನು ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಡುತ್ತಲೇ ಇದ್ದಾರೆ. ನೀರಿನ ಉಳಿತಾಯಕ್ಕೆ ಶುರುವಾದದ್ದು ಇಲ್ಲೂ ನೆರವಾಗಬಹುದು. ನಿಮ್ಮವರಿಗೆ ಒಂದು ಮಾತು ಹೇಳು. ಅಕ್ಕಿ ಪರೀಕ್ಷೆ ಮಾಡಿಸಿದರೆ ರೈತನಿಗೆ ನಷ್ಟ ಅಂತ ತಿಳಿಯಬೇಡಿ. ನದಿಯ ನೀರಿನಲ್ಲಿ ಬೆಳೆದ ಅಕ್ಕಿ ಚೆನ್ನಾಗಿದೆ ಅಂತ ವರದಿ ಬಂದರೆ ಗಾಳಿಮಾತಿಗೆ ಉತ್ತರ ಕೊಡಲು ಅದಕ್ಕಿಂತ ದೊಡ್ಡ ಕಾಗದ ಬೇರೆ ಇಲ್ಲ.

ಕಾರ್ಯಕರ್ತೆ: ಪರೀಕ್ಷೆ ಅಂದರೆ ಪಂಚಾಯಿತಿಯ ಕಿಟ್ ಸಾಕಾ? ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ತರಬೇತಿ ಕೊಡುವ ಕ್ರಮ ಇದೆ.

ಹಿರಿಯರು: ಆ ಹೆಂಗಸರು ನಿನಗೆ ಬಲಗೈ ಇದ್ದಂತೆ. ಆದರೆ ಫ್ಲೋರೈಡ್, ನೈಟ್ರೇಟ್ ನೋಡುವ ಮಾಮೂಲಿ ಕಿಟ್ಟಿನಿಂದ ಆರ್ಸೆನಿಕ್ ಗೊತ್ತಾಗುವುದಿಲ್ಲ. ಪ್ರತ್ಯೇಕ ಕಿಟ್ ಬೇಕು, ಇಲ್ಲವೇ ಪ್ರಯೋಗಾಲಯಕ್ಕೆ ಕಳಿಸಿ, ಆರ್ಸೆನಿಕ್ ನೋಡಿ ಅಂತ ಹೆಸರು ಹಿಡಿದು ಬರೆಯಬೇಕು. ಅಕ್ಕಿಗಾದರೆ ನಿರವಯವ ಆರ್ಸೆನಿಕ್ ಬೇರೆಯಾಗಿ ಅಳೆದುಕೊಡಿ ಅಂತ ಕೇಳಬೇಕು. ಕಾಲುವೆ ನೀರಿನ ಗದ್ದೆಯದು, ಬೋರಿನ ಗದ್ದೆಯದು, ಪಡಿತರದ್ದು, ಹೀಗೆ ಬೇರೆ ಬೇರೆ ಮಾದರಿ ಇರಲಿ.

ಕಾರ್ಯಕರ್ತೆ: ಯಾವುದೋ ಬೋರಿನಲ್ಲಿ ಹೆಚ್ಚು ಬಂತು ಅಂತಿಟ್ಟುಕೊಳ್ಳಿ. ಆಮೇಲೆ?

ಹಿರಿಯರು: ಆಮೇಲೆ ಏನು ಮಾಡಬೇಕು ಅನ್ನುವುದನ್ನು ಬಾಂಗ್ಲಾದೇಶ ಮಾಡಿ ತೋರಿಸಿದೆ. 2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿದರು. ಅಲ್ಲಿನ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ. ಅದನ್ನು ದಾಟಿದ ಸುಮಾರು 14 ಲಕ್ಷ ಪಂಪುಗಳ ಬಾಯಿಗೆ ಕೆಂಪು ಬಣ್ಣ, ಉಳಿದವಕ್ಕೆ ಹಸಿರು ಬಳಿದರು. ಓದು ಬಾರದವರಿಗೂ ಗೊತ್ತಾಯಿತು. ಹತ್ತಿರದಲ್ಲೇ ಹಸಿರು ಪಂಪು ಇದ್ದ ಕಡೆ ಜನ ನೀರು ಬದಲಿಸಿದರು. ದೂರ ಇದ್ದ ಕಡೆ, ಬೇರೆಯವರ ಅಂಗಳದಲ್ಲಿದ್ದ ಕಡೆ ಬದಲಿಸುವುದು ಕಷ್ಟವಾಯಿತು. ಕ್ರಮೇಣ ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಬಂದವು. ಅಲ್ಲಿಂದ ನಾವು ಕಲಿಯಬೇಕಾದದ್ದು ಇದೇ. ಇಂಥ ಬೋರು ಬೇಡ ಅಂದರೆ ಸಾಲದು, ಇಂಥ ಕಡೆಯ ನೀರು ತನ್ನಿ ಅಂತ ಕೈತೋರಿಸಬೇಕು. ಆ ನೀರು ಎಲ್ಲ ಜಾತಿಯವರಿಗೂ, ಎಲ್ಲ ಓಣಿಯವರಿಗೂ ಸಿಗುವಂತೆ ಪಂಚಾಯಿತಿ ಮಾಡಬೇಕು. ವರ್ಷ ವರ್ಷವೂ ಮತ್ತೆ ಪರೀಕ್ಷೆ ಆಗಬೇಕು.

ಕಾರ್ಯಕರ್ತೆ: ಹಾಗಾದರೆ ವರದಿ ಬರುವ ತನಕ ಸಭೆಯನ್ನೇ ಮುಂದಕ್ಕೆ ಹಾಕಿಸಲಾ ಸರ್?

ಹಿರಿಯರು: ಬೇಡ. ವರದಿ ಇಲ್ಲದೆ ಹೇಳಬಹುದಾದದ್ದೇ ಬೇಕಾದಷ್ಟಿದೆ. ಕುಡಿಯುವ ನೀರಿನಲ್ಲೇ ಅನ್ನ ಮಾಡಿ. ಕುದಿಸಿದರೆ ಆರ್ಸೆನಿಕ್ ಹೋಗದು. ದಿನಕ್ಕೊಂದು ಊಟ ಅಕ್ಕಿಯದಲ್ಲದ್ದು ಇರಲಿ. ಕೂಸಿಗೆ ಬರೀ ಅಕ್ಕಿ ಗಂಜಿ ಬೇಡ. ಚರ್ಮದ ಚುಕ್ಕೆ ಅಂಟುವುದಿಲ್ಲ. ಈ ಐದು ಮಾತು ಸಾಕು. ತೆಲುಗು, ಉರ್ದು, ಲಂಬಾಣಿ ಮಾತಾಡುವವರು ಇದ್ದರೆ ಅವರವರ ಮಾತಿನಲ್ಲೇ ಹೇಳಿಸು. ಆಮೇಲೆ ಅಲ್ಲೇ ಕೂತು ಪಟ್ಟಿ ಮಾಡಿ. ಯಾವ ಓಣಿಯ ಯಾವ ಬೋರಿನ ನೀರಿನಲ್ಲಿ ಎಷ್ಟು ಮನೆಯ ಅನ್ನ ಆಗುತ್ತದೆ ಅಂತ ಅವರೇ ಹೇಳಲಿ. ಆ ಪಟ್ಟಿಯ ಸಮೇತ ಪಂಚಾಯಿತಿಗೆ, ಪುರಸಭೆಗೆ ಅರ್ಜಿ ಕೊಡಿ.

ಕಾರ್ಯಕರ್ತೆ: ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ?

ಹಿರಿಯರು: ಆಗಲೂ ಎರಡನೇ ಸಭೆ ಕರೆದು ವರದಿಯನ್ನು ಎಲ್ಲರ ಮುಂದೆ ಓದು. ನಮ್ಮ ನೀರು, ನಮ್ಮ ಅಕ್ಕಿ ಚೆನ್ನಾಗಿದೆ ಅಂತ ತಿಳಿದುಕೊಳ್ಳುವುದೂ ಜನರ ಹಕ್ಕೇ. ಒಳ್ಳೆಯ ಸುದ್ದಿ ಬಂದಾಗಲೂ ಬಂದು ಹೇಳಿದವಳು ಅಂತ ನೆನಪಿಟ್ಟುಕೊಂಡವರು, ಮುಂದೆ ಕೆಟ್ಟ ಸುದ್ದಿ ತಂದಾಗ ನಿನ್ನ ಮಾತು ನಂಬುತ್ತಾರೆ.